ಬೊಕ್ಕಸದ ಬೀಗದಕೈ



ಸಂಘದ ಜಮಾಖರ್ಚನ್ನು ಓದುವಾಗ ಮಕ್ಕಳು ಆಕಳಿಸುವುದುಂಟು; ಹಿರಿಯರಾದ ನಮ್ಮ ಮನಸ್ಸೂ ಅತ್ತಿತ್ತ ಹರಿಯುವುದುಂಟು. ಆದರೆ ಯುರೋಪಿನ ಎರಡು ದೊಡ್ಡ ಸಿಂಹಾಸನಗಳ ಹಣೆಬರಹವು ನಿರ್ಣಯವಾದುದು ಬಹುಮಟ್ಟಿಗೆ ಇಂತಹ ಜಮಾಖರ್ಚಿನ ಮಾತಿನಿಂದಲೇ. ಆ ವೃತ್ತಾಂತವನ್ನು ತಮ್ಮ ಮುಂದೆ ಸಂಕ್ಷೇಪವಾಗಿ ನಿವೇದಿಸಲು ಬಯಸುತ್ತೇವೆ.

ಅರಸನ ಇಚ್ಛೆಯೇ ಶಾಸನವಾಗಿದ್ದರೆ ಅದು ನಿರಂಕುಶ ಪ್ರಭುತ್ವ. ಅರಸನೂ ಶಾಸನಕ್ಕೆ ಒಳಪಟ್ಟಿದ್ದರೆ ಅದು ನಿಯಮಬದ್ಧ ಪ್ರಭುತ್ವ. ಮೊದಲನೆಯದಕ್ಕೆ ಫ್ರಾನ್ಸ್, ಎರಡನೆಯದಕ್ಕೆ ಇಂಗ್ಲೆಂಡ್ ನಿದರ್ಶನ.

ಫ್ರಾನ್ಸಿನ ಹದಿನಾಲ್ಕನೆಯ ಲೂಯಿಯು 1643ರಲ್ಲಿ ನಾಲ್ಕು ವರ್ಷದ ಕೂಸಾಗಿದ್ದಾಗಲೇ ಪಟ್ಟವೇರಿ, 1661ರಿಂದ ಪ್ರಧಾನಮಂತ್ರಿಯಿಲ್ಲದೆ ತಾನೇ ಆಳಿದನು. ಮೂರು ವರ್ಗಗಳ ಪ್ರತಿನಿಧಿಸಭೆಯಾದ ಎಸ್ಟೇಟ್ಸ್ ಜನರಲ್ 1614ರಲ್ಲಿ ಸೇರಿದ ಮೇಲೆ 175 ವರ್ಷಗಳವರೆಗೆ ಸೇರಲೇ ಇಲ್ಲ. ಆದರೆ ಬಲಿಷ್ಠರನ್ನು ಒಲಿಸಿಕೊಳ್ಳಲು ನಿರಂಕುಶನೂ ಬೆಲೆ ತೆರಬೇಕಾಯಿತು. ಕುಲೀನರಿಗೂ ಪಾದ್ರಿಗಳಿಗೂ ವಿನಾಯಿತಿ ಉಳಿದು, ‘ತಾಯ್’ ಎಂಬ ಮುಖ್ಯ ತೆರಿಗೆಯ ಭಾರವು ಬಹುಮಟ್ಟಿಗೆ ರೈತನ ಬೆನ್ನಿಗೆ ಬಿದ್ದಿತು. ಕೊಟ್ಟವನು ಕೋಡಂಗಿ, ಇಸಕೊಂಡವನು ಈರಭದ್ರ! 1715ರಲ್ಲಿ ಲೂಯಿ ತೀರಿಕೊಂಡಾಗ ಯುದ್ಧಗಳ ದೆಸೆಯಿಂದ ಬೊಕ್ಕಸವು ಸಾಲದಲ್ಲಿ ಮುಳುಗಿತ್ತು.

ಇಂಗ್ಲೆಂಡಿನ ಒಂದನೆಯ ಚಾರ್ಲ್ಸನೂ ಇದೇ ಹಾದಿ ಹಿಡಿದನು. ಪಾರ್ಲಿಮೆಂಟಿನ ಒಪ್ಪಿಗೆಯಿಲ್ಲದೆ ತೆರಿಗೆ ಹಾಕಬಾರದೆಂಬ ಮನವಿಗೆ 1628ರಲ್ಲಿ ಸಮ್ಮತಿಸಿ, ಮರುವರ್ಷವೇ ಸಭೆಯನ್ನು ವಿಸರ್ಜಿಸಿ ಹನ್ನೊಂದು ವರ್ಷ ಒಬ್ಬನೇ ಆಳಿದನು. ಕರಾವಳಿಯವರು ಯುದ್ಧಕಾಲದಲ್ಲಿ ಕೊಡುತ್ತಿದ್ದ ಹಡಗು ತೆರಿಗೆಯನ್ನು ಒಳನಾಡಿನವರಿಂದಲೂ ವಸೂಲು ಮಾಡಿದನು. ಜಾನ್ ಹ್ಯಾಂಪ್ಡನ್ ಎಂಬ ಜಮೀನುದಾರನು ಕೊಡಲೊಪ್ಪದೆ ನ್ಯಾಯಾಲಯದಲ್ಲಿ ನಿಂತನು. ವಿವಾದಕ್ಕೆ ಬಂದ ಹಣ ಕೇವಲ ಇಪ್ಪತ್ತು ಶಿಲ್ಲಿಂಗು! 1638ರಲ್ಲಿ ಹನ್ನೆರಡು ನ್ಯಾಯಾಧೀಶರಲ್ಲಿ ಏಳು ಮಂದಿ ಅರಸನ ಪರವಾದರು. ಹ್ಯಾಂಪ್ಡನ್ ಸೋತನು, ಅವನ ಪ್ರಶ್ನೆ ಸೋಲಲಿಲ್ಲ. ಧರ್ಮದ ಕಲಹವೂ ಇದರೊಡನೆ ಬೆರೆತು, 1642ರಲ್ಲಿ ಅಂತರ್ಯುದ್ಧ ಹೊತ್ತಿತು. 1649ರಲ್ಲಿ ಚಾರ್ಲ್ಸನ ಶಿರಚ್ಛೇದವಾಯಿತು.

ಅರಸನ ತಲೆ ಉರುಳಿದೊಡನೆ ಸುಖರಾಜ್ಯವೇನೂ ಬರಲಿಲ್ಲ. ಕ್ರಾಮ್‌ವೆಲ್ಲನ ಸೈನ್ಯವೇ ಒಡೆಯನಾಯಿತು. 1660ರಲ್ಲಿ ಅರಸೊತ್ತಿಗೆ ಮರಳಿತು. 1688ರಲ್ಲಿ ಎರಡನೆಯ ಜೇಮ್ಸನು ದೇಶ ಬಿಟ್ಟು ಓಡಿದನು. 1689ರ ಹಕ್ಕುಗಳ ಶಾಸನವು ಪಾರ್ಲಿಮೆಂಟಿನ ಸಮ್ಮತಿಯಿಲ್ಲದೆ ತೆರಿಗೆಯನ್ನು ವಿಧಿಸುವುದನ್ನೂ, ಶಾಂತಿಕಾಲದಲ್ಲಿ ಸೈನ್ಯವನ್ನಿಡುವುದನ್ನೂ ನಿಷೇಧಿಸಿತು. ಅಂದಿನಿಂದ ಬೊಕ್ಕಸದ ಬೀಗದಕೈ ಸಭೆಯ ಸೆರಗಿಗೆ ಸೇರಿತು. ಆದರೂ ಆ ಸಭೆ ಸಿರಿವಂತರದು. ಸ್ತ್ರೀಯರಿಗೆ ಪುರುಷರೊಡನೆ ಸಮಾನ ಮತಾಧಿಕಾರ ದೊರೆತುದು 1928ರಲ್ಲಿ ಮಾತ್ರ.

ಅತ್ತ ಫ್ರಾನ್ಸಿನಲ್ಲಿ ಸಾಲ ತೀರಿಸುವ ದಾರಿ ಕಾಣದೆ ಹದಿನಾರನೆಯ ಲೂಯಿಯು 1789ರಲ್ಲಿ ಎಸ್ಟೇಟ್ಸ್ ಜನರಲ್ಲನ್ನು ಕರೆದನು. 175 ವರ್ಷ ಅದುಮಿಟ್ಟ ಪ್ರಶ್ನೆಗಳು ಒಮ್ಮೆಗೇ ಎದ್ದವು. 1793ರಲ್ಲಿ ಅವನ ಶಿರಚ್ಛೇದವಾಯಿತು.

ಲೆಕ್ಕ ಕೇಳಿಸಿಕೊಂಡ ಇಂಗ್ಲೆಂಡಿನ ಸಿಂಹಾಸನ ಇಂದಿಗೂ ಇದೆ. ಕೇಳಿಸಿಕೊಳ್ಳದ ಫ್ರಾನ್ಸಿನದು ಅಳಿಯಿತು. ಲೆಕ್ಕ ಕೇಳುವುದು ಅವಿಶ್ವಾಸವಲ್ಲ. ವಿಶ್ವಾಸಕ್ಕೆ ಅದೇ ಊರುಗೋಲು.

ಮಕ್ಕಳೇ, ಈ ಕನ್ನಡ ಶಾಲೆಯೂ ನಿಮ್ಮ ಮನೆಯವರು ಕೊಟ್ಟ ಹಣದಿಂದ ನಡೆಯುತ್ತಿದೆ. ಇನ್ನು ಸ್ವಲ್ಪ ಹೊತ್ತಿನಲ್ಲಿ ಅದರ ಜಮಾಖರ್ಚನ್ನು ಓದುವರು. ದಯವಿಟ್ಟು ಎಚ್ಚರವಾಗಿದ್ದು ಕೇಳಿರಿ. ತಿಳಿಯದಿದ್ದರೆ ಎದ್ದು ನಿಂತು ಪ್ರಶ್ನಿಸಿರಿ. ನಾವು ಉತ್ತರ ಹೇಳಬೇಕಾದವರು.