ಒಸಡಿನ ಆಳದಲ್ಲಿ

ತ ಥ ದ ಧ ನಗಳನ್ನು ದಂತ್ಯಗಳೆಂದು 30 ವರ್ಷ ಬೋಧಿಸಿದ ನನಗೆ, ಅವಕ್ಕೆ ಆ ಹೆಸರು ತಂದ ಹಲ್ಲುಗಳೇ ಅಲುಗಾಡತೊಡಗಿದಾಗ ದಿಗಿಲಾಯಿತು. ಆದರೂ 2 ವರ್ಷ ವೈದ್ಯರತ್ತ ಸುಳಿಯಲಿಲ್ಲ. ಶುಚಿ ಮಾಡಿಸಿದರೆ ಹಲ್ಲು ಸಡಿಲವಾಗುತ್ತದೆಂಬ ಮಾತನ್ನು, ಪ್ರತಿ ಸೂತ್ರಕ್ಕೂ ಅಪವಾದ ಹುಡುಕುವ ನಾನು, ಪರೀಕ್ಷಿಸದೆ ನಂಬಿದ್ದೆ.

ದಂತವೈದ್ಯರು ತೆಳುವಾದ ಅಳತೆಕಡ್ಡಿಯನ್ನು ಹಲ್ಲಿಗೂ ಒಸಡಿಗೂ ನಡುವಣ ಸಂದಿಗೆ ಇಳಿಸಿದರು. ಆರೋಗ್ಯವಿದ್ದಲ್ಲಿ ಅದರ ಆಳ 3 ಮಿಲಿಮೀಟರಿಗೆ ಮೀರದು. ನನ್ನಲ್ಲಿ ಕೆಲವೆಡೆ 6. ಒಳಗೆಲ್ಲ ಕಲ್ಲಾಗಿ ಕುಳಿತ ಪಾಚಿ. ಹಲ್ಲನ್ನು ಹಿಡಿದ ಮೂಳೆಯನ್ನು ಕರಗಿಸುತ್ತಿದ್ದುದು ಅಲ್ಲಿನ ರೋಗವೇ ಹೊರತು ಯಾವ ವೈದ್ಯರ ಕೈಯೂ ಅಲ್ಲ.

ಮರಗಟ್ಟಿಸುವ ಚುಚ್ಚುಮದ್ದು ಕೊಟ್ಟು, ಒಂದು ದಿನ ಬಲಭಾಗ, ವಾರದ ಬಳಿಕ ಎಡಭಾಗ, ಬೇರಿನ ಮೈಯನ್ನು ಕೆರೆದು ನುಣುಪು ಮಾಡಿದರು. ನೋವು ತಿಳಿಯಲಿಲ್ಲ, ಸದ್ದು ಮಾತ್ರ ತಲೆಯೊಳಗೇ ಮೊಳಗಿತು. ಜೋಮು ಇಳಿಯುವವರೆಗೆ ಊಟ ಕೂಡದು, ಕೆನ್ನೆ ಕಚ್ಚಿಕೊಂಡೀರಿ ಎಂದರು. ಆ ಸಂಜೆ ನನ್ನ ದಂತ್ಯಗಳೆಲ್ಲ ತೊದಲಿದವು, ಮನೆಯಾಕೆ ನಕ್ಕಳು. ಕೆಲವು ದಿನ ತಣ್ಣೀರಿಗೆ ಹಲ್ಲು ಜುಮ್ಮೆಂದಿತು. ಊತವಿಳಿದು ಒಸಡು ಕುಗ್ಗಿದಾಗ ಹಲ್ಲುಗಳ ನಡುವೆ ಸಂದು ಕಂಡಿತು. ಜನ ಸಡಿಲವಾಯಿತೆನ್ನುವುದು ಇದನ್ನೇ ಇರಬೇಕು.

6 ವಾರಗಳ ಮೇಲೆ ಅಳೆದಾಗ ಆರಿದ್ದಲ್ಲಿ ನಾಲ್ಕು. ಕರಗಿದ ಮೂಳೆ ಮಾತ್ರ ತಾನಾಗಿ ಬೆಳೆಯದಂತೆ. ಈಗ 3 ತಿಂಗಳಿಗೊಮ್ಮೆ ಹೋಗಿ, ಬಾಯಿ ತೆರೆದು, ವಿಧೇಯ ವಿದ್ಯಾರ್ಥಿಯಂತೆ ಕೂರುತ್ತೇನೆ.