ಚೆಂಡಿನ ತೊಗಲು, ಪಾಲಾರಿನ ಉಪ್ಪು

ಕ್ರಿಕೆಟ್ಟಿನ ಕೆಂಪು ಚೆಂಡು, ಕೀಪರನ ಗ್ಲೌಸು, ಆಟಗಾರನ ಬೂಟು, ಇವಕ್ಕೆಲ್ಲ ತೊಗಲು ಬೇಕು. ಆ ತೊಗಲು ಹದವಾಗುವಾಗ ಹೊಳೆಗೆ ಏನಾಗುತ್ತದೆ ಎಂಬುದೇ ಇಂದಿನ ಮಾತು.

ಹೊಸೂರಿನಿಂದ ಕೃಷ್ಣಗಿರಿ ದಾಟಿ ಚೆನ್ನೈ ರಸ್ತೆ ಹಿಡಿದರೆ ವಾಣಿಯಂಬಾಡಿ, ಆಂಬೂರು ಸಿಗುತ್ತವೆ. ಬೂಟಿನ ತೊಗಲಿಗೆ ಹೆಸರಾದ ಊರುಗಳು. ಅಲ್ಲಿ ಹರಿಯುವ ಪಾಲಾರ್ ಬೇರೆಯವರದಲ್ಲ. ನಂದಿಬೆಟ್ಟದ ಸೀಮೆಯಲ್ಲಿ ಹುಟ್ಟಿ, ಬೇತಮಂಗಲದ ಕೆರೆಗೆ ನೀರುಣಿಸಿ ಹೋದ ಹೊಳೆ. ಒಂದು ಕಿಲೋ ತೊಗಲಿಗೆ ಸುಮಾರು 35 ಲೀಟರ್ ನೀರು ಬೇಕು, ಈ ಭಾಗದಲ್ಲಿ ಸುಮಾರು 35,000 ಹೆಕ್ಟೇರ್ ಭೂಮಿ ಪೂರ್ತಿಯಾಗಿಯೋ ಭಾಗಶಃವೋ ಬೇಸಾಯಕ್ಕೆ ಬಾರದಂತಾಗಿದೆ ಎಂಬ ಸಂಗತಿಗಳು 1996ರ ಆಗಸ್ಟಿನ ಸರ್ವೋಚ್ಚ ನ್ಯಾಯಾಲಯದ ತೀರ್ಪಿನಲ್ಲಿವೆ. ಕೆಡಿಸಿದವರೇ ನಷ್ಟ ಕಟ್ಟಿಕೊಡಬೇಕೆಂದು ಅಂದೇ ಹೇಳಿದ್ದಾಯಿತು. ಆದರೂ 2025ರ ಜನವರಿಯಲ್ಲಿ ಅದೇ ನ್ಯಾಯಾಲಯ ಪಾಲಾರಿನ ರೈತರ ಪರಿಹಾರದ ವಿಷಯವನ್ನು ಮತ್ತೆ ಎತ್ತಬೇಕಾಯಿತು!

ಕ್ರೋಮಿಯಂ ವಿಷವೆಂದು ಎಲ್ಲರೂ ಹೇಳುತ್ತಾರೆ. ಅದು ನಿಜ. ಆದರೆ ಅದನ್ನು ತಳಕ್ಕಿಳಿಸಿ ಬಹುಪಾಲು ತೆಗೆಯಬಹುದು. ಮೊಂಡುತನವೆಲ್ಲ ನಮ್ಮ ಅಡುಗೆಮನೆಯ ಉಪ್ಪಿನದು. ಹಸಿ ತೊಗಲು ಕೊಳೆಯದಿರಲೆಂದು ಉಪ್ಪು ಸವರುತ್ತಾರೆ. ಕಾರ್ಖಾನೆಯಲ್ಲಿ ತೊಳೆದಾಗ ಅದು ನೀರಿಗಿಳಿಯುತ್ತದೆ. ಸಾಧಾರಣ ಶುದ್ಧೀಕರಣ ಘಟಕ ಅದನ್ನು ಹಿಡಿಯಲಾರದು, ಬಾವಿ ಸವುಳಾಗುತ್ತದೆ. ಕ್ರಿಕೆಟ್ ಚೆಂಡಿನ ತೊಗಲನ್ನು ಸಾಮಾನ್ಯವಾಗಿ ಪಟಿಕದಲ್ಲಿ ಹದಮಾಡುತ್ತಾರೆ, ಅಲ್ಲಿ ಕ್ರೋಮಿಯಂ ಗೋಜಿಲ್ಲ. ಉಪ್ಪಿನ ಗೋಜು ಮಾತ್ರ ತಪ್ಪದು. ನೀರಿಗೆ ಹಾಕುವ ಮೊದಲೇ ತೊಗಲನ್ನು ಚೆನ್ನಾಗಿ ಕೊಡವಿದರೆ ಎಷ್ಟೋ ಉಪ್ಪು ಒಣಗಿದಂತೆಯೇ ಉದುರಿಬೀಳುತ್ತದೆ. ಇಷ್ಟು ಸರಳ ಕೆಲಸ!

ಹಾಗಾದರೆ ತೊಗಲನ್ನೇ ಬಿಡಬಾರದೇ? ಫುಟ್‌ಬಾಲ್ ಬಿಟ್ಟಿದೆ. 1986ರ ಮೆಕ್ಸಿಕೋ ವಿಶ್ವಕಪ್ಪಿನಲ್ಲಿ ಆಡಿದ್ದು ಪೂರ್ತಿ ಕೃತಕ ಚೆಂಡು. ಅಮೆರಿಕದ ಬ್ಯಾಸ್ಕೆಟ್‌ಬಾಲ್ ಲೀಗು ಎನ್‌ಬಿಎ 2006ರಲ್ಲಿ ಹಾಗೆಯೇ ಮಾಡಹೋಗಿ, ಬೆರಳು ಸೀಳುತ್ತದೆಂದು ಆಟಗಾರರು ದೂರಿದಾಗ 2007ರ ಹೊಸವರ್ಷದಂದು ತೊಗಲಿಗೇ ಮರಳಿತು. ಟೆಸ್ಟ್ ಕ್ರಿಕೆಟ್ಟಂತೂ ತೊಗಲನ್ನು ಬಿಟ್ಟಿಲ್ಲ. ಹೊಲಿಗೆ, ಹೊಳಪು, ತಿರುವು, ಎಲ್ಲವೂ ಅದರಲ್ಲೇ ಅಲ್ಲವೇ? ಇನ್ನು ಕೃತಕ ತೊಗಲು ಪೆಟ್ರೋಲಿಯಂ ಮೂಲದ್ದು. ಸಿಪ್ಪೆಯೆದ್ದ ಮೇಲೆ ಮಣ್ಣಲ್ಲಿ ಕರಗದು. ತಂಗಡಿ ತೊಗಟೆ, ಅಳಲೆಕಾಯಿಯ ಹಳೆಯ ಹದ ಕ್ರೋಮಿಯಂ ಇಲ್ಲದ್ದು, ಆದರೆ ಅದಕ್ಕೂ ನೀರು ಬೇಕು, ದಿನಗಳೂ ಹೆಚ್ಚು.

ನನ್ನ ಮಟ್ಟಿಗೆ, ಊರ ಬಯಲಿನ ಆಟಕ್ಕೆ ಟೆನಿಸ್ ಚೆಂಡು ಧಾರಾಳವಾಗಿ ಸಾಕು. ಶಾಲೆಯ ಆಟದ ಪೀರಿಯಡ್ಡಿಗೆ ಕ್ಯಾನ್ವಾಸ್ ಬೂಟಿದ್ದರೆ ತೊಗಲಿನದೇಕೆ? ತೊಗಲಿನ ಗ್ಲೌಸು ಕೊಂಡವರು ಹೊಲಿಗೆ ಬಿಟ್ಟಿತೆಂದು ಎಸೆಯದೆ, ಸಂತೆಬೀದಿಯಲ್ಲಿ ಉಳಿ, ದಾರ ಹಿಡಿದು ಕೂತವರ ಮುಂದೆ ಇಡಲಿ.