ಅಭ್ಯಾಸವಾದ ಸದ್ದು

ಸೋಲೂರಿನ ಹೆದ್ದಾರಿ ಬದಿಯಲ್ಲಿ ಅಂಗಡಿ ಇಟ್ಟವರ ದಿನ ಕಳೆಯುವುದು ಲಾರಿ ಹಾರನ್ನಿನ ನಡುವೆ. ‘ಅಭ್ಯಾಸ ಆಗೋಗಿದೆ’ ಎನ್ನುತ್ತಾರೆ. ಕಿವಿ ಮಂದವಾಗುತ್ತಿದ್ದರೂ ಹಾಗೆಯೇ ಅನ್ನಿಸುತ್ತದೆ. ಒಳಗಿವಿಯಲ್ಲಿ ಸದ್ದನ್ನು ಗ್ರಹಿಸುವ ಸುಮಾರು 15,000 ರೋಮಕೋಶಗಳಿವೆ. ಸತ್ತರೆ ಮತ್ತೆ ಹುಟ್ಟುವುದಿಲ್ಲ. 85 ಡೆಸಿಬಲ್ ದಾಟಿದ ಸದ್ದಿನಲ್ಲಿ ದಿನವಿಡೀ ಇರುವುದು ಅಪಾಯ.

ಕನ್ನಡಕಕ್ಕೆ ನಾಚದವರು ಕಿವಿ ಮಂದವಾದಾಗ ಕಿವಿ ಮಿಷನ್ ಎಂದರೆ ಹಿಂಜರಿಯುವುದು ನನಗೆ ನೋವಿನ ಸಂಗತಿ. ಹಾಕಿಕೊಂಡ ಹೊಸದರಲ್ಲಿ ತಟ್ಟೆಯ ಸದ್ದೂ ಕಿರಿಕಿರಿ. ಮಿದುಳು ಒಗ್ಗಿಕೊಳ್ಳಲು ವಾರಗಳೇ ಬೇಕು. ಬೇಸತ್ತು ಅದನ್ನು ಡಬ್ಬಿಗೆ ಸೇರಿಸಬೇಡಿ. ಮನೆಯವರೂ ಕಿರುಚದೆ, ಎದುರು ಕೂತು ನಿಧಾನವಾಗಿ ಮಾತಾಡಬೇಕು.

ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಹುಟ್ಟಿದ್ದೇ ಮಾತು, ಶ್ರವಣದ ತೊಂದರೆಗಳಿಗಾಗಿ, 1965ರಲ್ಲಿ. ಅಪ್ಪ ಟಿವಿ ಸದ್ದು ಏರಿಸುತ್ತಿದ್ದರೆ ರೇಗಬೇಡಿ. ಈ ವಾರವೇ ಕಿವಿ ಪರೀಕ್ಷೆಗೆ ಕರೆದುಕೊಂಡು ಹೋಗಿ.